ದನ ಕಾಯೋ ವೀರಪ್ಪ

ನಾನು ಬೇಲೂರು ತಾಲ್ಲೂಕಿನಲ್ಲಿ ಲೈನ್‌ಮ್ಯಾನ್. ಹದಿನಾಲ್ಕು ವರ್ಷದಿಂದ ಊರೂರು ಸುತ್ತುತ್ತಿದ್ದೇನೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನೋಡುತ್ತಾ ಹೋಗುವವನಿಗೆ ದಾರಿಬದಿಯ ಹಳೇ ಕೆತ್ತನೆಯ ಕಲ್ಲುಗಳೂ ಕಣ್ಣಿಗೆ ಬೀಳುತ್ತವೆ. ಕೆರೆ ಏರಿ ಮೇಲೆ, ಅರಳಿಕಟ್ಟೆ ಪಕ್ಕ, ರಾಗಿ ಹೊಲದ ಬದುವಿನಲ್ಲಿ ಅರ್ಧ ಹೂತುಕೊಂಡು ನಿಂತಿರುತ್ತವೆ. ಮೊದಲೆಲ್ಲ ನಾನೂ ಅವಕ್ಕೆ ಬೈಕ್ ಒರಗಿಸಿ ಹೋಗುತ್ತಿದ್ದೆ.

ಮೂರು ವರ್ಷದ ಹಿಂದೆ, ಮುಂಗಾರಿನ ಗಾಳಿ ಜೋರಾಗಿದ್ದ ಒಂದು ದಿನ ಹಳೇಬೀಡು ಕಡೆಯ ಒಂದು ಊರಿನಲ್ಲಿ ತಂತಿ ತುಂಡಾಗಿತ್ತು. ಸಬ್‌ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಆಫ್ ಆಗಿದೆ ಅನ್ನುವ ಅನುಮತಿ, ಸಿಗುವವರೆಗೆ ಕಂಬ ಹತ್ತುವಂತಿಲ್ಲ. ಮರದ ಕೆಳಗೆ ಕಾಯುತ್ತಾ ಕೂತೆ. ಒಬ್ಬ ಅಜ್ಜಿ ಪುಟ್ಟ ಚೊಂಬು ಹಿಡಿದು ಬಂದರು. ಎದೆಮಟ್ಟದ ಒಂದು ಕಲ್ಲಿಗೆ ಹಾಲು ಎರೆದು ಕೈ ಮುಗಿದರು.

'ಇದು ಯಾವ ದೇವರು ಅಜ್ಜಿ?' ಅಂದೆ.

'ದನ ಕಾಯೋ ವೀರಪ್ಪ ಕಣಪ್ಪ. ಹಸು ಕರು ಹಾಕಿದ್ರೆ, ಗಿಣ್ಣು ಕಳೆದ್ಮೇಲೆ ಮೊದಲ ಹಾಲು ಇವನಿಗೇ.'

ಹತ್ತಿರ ಹೋಗಿ ನೋಡಿದೆ. ಕಲ್ಲಿನಲ್ಲಿ ಮೂರು ಅಂತಸ್ತು ಇತ್ತು. ಕೆಳಗೆ ಬಿಲ್ಲು ಹಿಡಿದವನು, ಅವನ ಮುಂದೆ ಕತ್ತಿ ಹಿಡಿದವರು, ಮೂಲೆಯಲ್ಲಿ ದನಗಳ ಸಾಲು. ನಡುವೆ ಅದೇ ಮನುಷ್ಯನನ್ನು ಇಬ್ಬರು ಹೆಂಗಸರು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಶಿವಲಿಂಗ, ಬಸವ, ಪಕ್ಕದಲ್ಲಿ ಕೈ ಮುಗಿದು ಕೂತ ಅವನು. ತುದಿಯಲ್ಲಿ ಸೂರ್ಯ ಚಂದ್ರ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಸವೆದ ಅಕ್ಷರಗಳು.

ನನ್ನ ಅಕ್ಕನ ಮಗಳು ಆಗ ಹಾಸನದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಳು. ಅವಳಿಗೆ ಫೋಟೋ ಕಳಿಸಿದೆ. 'ಏನೂ ಕಾಣಲ್ಲ ಮಾವ. ಕತ್ತಲಾದ ಮೇಲೆ ಹೋಗಿ, ಟಾರ್ಚ್ ಪಕ್ಕದಿಂದ ಅಡ್ಡ ಹಿಡಿದು ತೆಗಿ' ಅಂದಳು. ಟಾರ್ಚ್‌ಗೇನು, ನಮ್ಮ ಹತ್ತಿರ ಯಾವಾಗಲೂ ಇರುತ್ತದೆ. ಆವತ್ತು ರಾತ್ರಿಯೇ ಹೋದೆ. ಬೆಳಕು ಅಡ್ಡ ಬೀಳುತ್ತಿದ್ದ ಹಾಗೆ ಪ್ರತಿ ಅಕ್ಷರದ ಗುಳಿಯಲ್ಲೂ ನೆರಳು ತುಂಬಿ, ಬರಹ ಎದ್ದು ನಿಂತಿತು. ಆ ಕ್ಷಣ ನನಗೆ ಮೈ ಜುಂ ಅಂದಿತು. ಹಗಲು ಬರೀ ಕಲ್ಲಾಗಿದ್ದದ್ದು ರಾತ್ರಿ ಮಾತಾಡುತ್ತಿತ್ತು.

ಅವಳು ಓದಿ ಹೇಳಿದ್ದು ಎರಡೇ ಪದ. 'ತುರುವಂ ಮಗುಳ್ಚಿ'. ತುರು ಅಂದರೆ ದನ. ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ತಿರುಗಿಸಿ ತಂದು ಅಂತ ಅರ್ಥ. ಆಮೇಲೆ ಸತ್ತ ಅಂತ ಇರಬೇಕು, ಅಲ್ಲಿ ಕಲ್ಲು ಚಕ್ಕೆ ಎದ್ದಿದೆ. ಹೀಗೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸುವ ವೀರಗಲ್ಲು ಇದು. ಹೆಸರಂತೂ ಪೂರ್ತಿ ಸವೆದಿದೆ. ಆದರೆ ಅಜ್ಜಿಗೆ ಅಕ್ಷರ ಬಾರದೆಯೂ ವಿಷಯ ಗೊತ್ತಿತ್ತು, ಅಲ್ವಾ? ದನಕ್ಕಾಗಿ ಸತ್ತವನಿಗೆ ಊರು ಇವತ್ತಿಗೂ ಹಾಲು ಎರೆಯುತ್ತಿದೆ.

ಆವತ್ತಿನಿಂದ ನಾನು ಕಲ್ಲಿಗೆ ಬೈಕ್ ಒರಗಿಸಿಲ್ಲ. ಬಿಡುವಿದ್ದಾಗ ಹುಡುಕಿಕೊಂಡು ಹೋಗುತ್ತೇನೆ. ಬಳೆ ತೊಟ್ಟ ಒಂದು ಕೈ ಮೇಲೆತ್ತಿ, ಬೆರಳ ನಡುವೆ ನಿಂಬೆಹಣ್ಣು ಹಿಡಿದಿದ್ದರೆ ಅದು ಮಾಸ್ತಿಗಲ್ಲು. ಗಂಡನ ಚಿತೆ ಏರಿದವಳ ಗುರುತು. ಅದನ್ನು ನೋಡಿದಾಗ ನನಗೆ ಕೈ ಮುಗಿಯಬೇಕು ಅನ್ನಿಸುವುದಕ್ಕಿಂತ ಸಂಕಟವೇ ಜಾಸ್ತಿ ಆಗುತ್ತದೆ.

ಹಲ್ಮಿಡಿಗೆ ಹೋದದ್ದು ಡ್ಯೂಟಿ ಮೇಲೆ ಅಲ್ಲ, ಬೇಕಂತಲೇ ಹೋದೆ. ನಮ್ಮ ತಾಲ್ಲೂಕಿನ ಊರೇ. ಸುಮಾರು ಕ್ರಿ.ಶ. 450ರ ಶಾಸನ, 16 ಸಾಲು. 1936ರಲ್ಲಿ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನು ಲೋಕಕ್ಕೆ ತಿಳಿಸುವವರೆಗೆ ಊರಿನ ಕಲ್ಲುಗಳ ಜೊತೆ ಅದೂ ಒಂದು ಕಲ್ಲು. ಮೂಲ ಈಗ ಊರಿನಲ್ಲಿಲ್ಲ, ಅಲ್ಲಿರುವುದು ಪ್ರತಿ. ಎರಡೂವರೆ ಅಡಿಯ ಕಲ್ಲು ಅಷ್ಟೇ. ಯುದ್ಧದಲ್ಲಿ ಗೆದ್ದ ವಿಜಾರಸನಿಗೆ 'ಬಾಳ್ಗಳ್ಚು', ಅಂದರೆ ಕತ್ತಿ ತೊಳೆದದ್ದಕ್ಕೆ ಕೊಡುಗೆಯಾಗಿ, ಎರಡು ಊರು ಕೊಟ್ಟರು ಅಂತ ಬರೆದಿದೆ. ಅದರಲ್ಲಿ ಒಂದು ಪಲ್ಮಡಿ. ಪಾಲು ಹಾಲಾದ ಹಾಗೆ, ಪಳ್ಳಿ ಹಳ್ಳಿಯಾದ ಹಾಗೆ ಪಲ್ಮಡಿ ಹಲ್ಮಿಡಿ ಆಗಿದೆ. ಸಾವಿರದ ಐನೂರು ವರ್ಷವಾದರೂ ಕರೆಂಟ್ ಬಿಲ್ಲಿನ ಮೇಲೆ ಅದೇ ಹೆಸರು! ಕೊನೆಗೆ, ಈ ದಾನವನ್ನು ಅಳಿಸಿದವನಿಗೆ ಮಹಾಪಾತಕ ಅಂತಲೂ ಕೆತ್ತಿದ್ದಾರೆ.

ಆ ಸಾಲು ನನಗೆ ನೆನಪಾದದ್ದು ಕಳೆದ ವರ್ಷ. ಅಜ್ಜಿಯ ಊರಿನ ರಸ್ತೆ ಅಗಲ ಮಾಡಿದರು. ನಾನು ಹೋದಾಗ ವೀರಪ್ಪ ಜಾಗದಲ್ಲಿ ಇರಲಿಲ್ಲ. ಹುಡುಕಿದರೆ ಚರಂಡಿ ದಾಟಲು ಚಪ್ಪಡಿ ಮಾಡಿ ಹಾಕಿದ್ದರು, ಮುಖ ಕೆಳಗೆ. ಕೆಲಸ ಮಾಡಿಸಿದವರಿಗೆ ಕೇಳಿದೆ. 'ಹಳೇ ಕಲ್ಲು, ಗಟ್ಟಿಯಿದೆ' ಅಂದರು. ಸಿಟ್ಟು ಬಂತು. ಜಗಳ ಆಡಿದರೆ ಕಲ್ಲು ಏಳುವುದಿಲ್ಲ ಅಂತ ಸುಮ್ನೆ ಬಂದೆ.

ಜಾಗ ತಪ್ಪಿದರೆ ಏನು ಅಂತ ಕೆಲವರು ಕೇಳುತ್ತಾರೆ. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲಿ ತಂದರು. ಅದರಲ್ಲಿ ಊರಿನ ಹೆಸರಿನ ಜೊತೆ ಕಲ್ಲು ಎಲ್ಲಿ ನಿಂತಿದೆ ಅನ್ನುವುದನ್ನೂ ದಾಖಲಿಸಿದ್ದಾರೆ. ಕಲ್ಲು ನಿಂತ ನೆಲವೂ ಕಥೆಯ ಭಾಗ. ದನ ಎತ್ತ ಹೋಗುತ್ತಿದ್ದವು, ಊರ ಬಾಗಿಲು ಎಲ್ಲಿತ್ತು, ಎಲ್ಲವನ್ನೂ ಅದು ಹೇಳುತ್ತದೆ.

ಭಾನುವಾರ ನಾವು ಆರು ಜನ ಹೋದೆವು, ಕಂಬ ಎತ್ತುವ ಹಗ್ಗ, ಹಾರೆ ತಗೊಂಡು. ಊರಿನ ಹುಡುಗರೂ ಸೇರಿದರು. ಚರಂಡಿಗೆ ಬೇರೆ ಚಪ್ಪಡಿ ತಂದು ಹಾಕಿ, ವೀರಪ್ಪನನ್ನು ಎತ್ತಿದೆವು. ಕೆಸರು ತೊಳೆದಾಗ ದನಗಳ ಸಾಲು ಹಾಗೇ ಇತ್ತು, ನನ್ನ ಎದೆ ಹಗುರಾಯಿತು. ಕಂಬವಾದರೆ ಉದ್ದದ ಆರನೇ ಒಂದು ಪಾಲು ನೆಲದೊಳಗೆ ಇರಬೇಕು ಅಂತ ನಮ್ಮ ಲೆಕ್ಕ. ಇದಕ್ಕೆ ಇನ್ನೂ ಆಳ ತೋಡಿ, ಸುತ್ತ ಕಲ್ಲು ತುಂಬಿ ಕುಟ್ಟಿದೆವು.

ಮಣ್ಣು ಮುಚ್ಚುವಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಬಂದರು. ಸುತ್ತ ಒಂದು ಸಲ ನೋಡಿದರು.

'ಹಿಂಗಲ್ಲ ಮಗ. ಮುಖ ಗೋಮಾಳದ ಕಡೆಗಿತ್ತು. ತಿರುಗ್ಸಿ.'

ತುಂಬಿದ್ದ ಕಲ್ಲೆಲ್ಲ ತೆಗೆದು, ಮತ್ತೆ ತಿರುಗಿಸಿ ನಿಲ್ಲಿಸಿದೆವು.