ಲಾಸ್ ವೇಗಸ್‌ನಲ್ಲಿ ಫ್ಲ್ಯಾಶ್ ಗೋರ್ಡನ್ ಸಿಕ್ಕ

ಲಾಸ್ ವೇಗಸ್‌ಗೆ ಜನ ಕ್ಯಾಸಿನೊಗೆಂದು ಹೋಗುತ್ತಾರೆ. ನನಗೆ ಬೇಕಿದ್ದುದು ಪಿನ್‌ಬಾಲ್ ಹಾಲ್ ಆಫ್ ಫೇಮ್. ಪಿನ್‌ಬಾಲ್ ಅಂದರೆ ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಕೆಳಗೆ ಬೀಳದಂತೆ ಬಡಿಯುತ್ತಾ ಆಡುವ, ನಾಣ್ಯ ಹಾಕುವ ಯಂತ್ರದಾಟ. ಅಕ್ಕನ ಮಗಳು ಲಾಸ್ ಏಂಜಲೀಸ್‌ನಿಂದ ಕಾರು ಓಡಿಸಿದಳು. ದಾರಿಯುದ್ದಕ್ಕೂ ಮರುಭೂಮಿ. ಊರಿನ ದಕ್ಷಿಣದಲ್ಲಿ, ಪ್ರವಾಸಿಗಳೆಲ್ಲ ಫೋಟೊ ತೆಗೆಸಿಕೊಳ್ಳುವ ಸ್ವಾಗತ ಫಲಕ ಇದೆಯಲ್ಲ, ಅದರ ಹತ್ತಿರವೇ ಈ ಜಾಗ. 2021ರಲ್ಲಿ ಈಗಿನ ಕಟ್ಟಡಕ್ಕೆ ಬಂದರು. ಪ್ರವೇಶಕ್ಕೆ ಟಿಕೆಟ್ ಇಲ್ಲ. ನೋಟು ಚಿಲ್ಲರೆ ಮಾಡಿಸಿಕೊಂಡು ಆಡುತ್ತಾ ಹೋಗಬೇಕು ಅಷ್ಟೆ.

ಒಳಗೆ ಸಾಲು ಸಾಲು ಯಂತ್ರಗಳು. ಹಲವು ಯಂತ್ರಗಳ ಮೇಲೆ ಕೈಬರಹದ ಸಣ್ಣ ಚೀಟಿ ಇದೆ. ಯಾವ ವರ್ಷದ್ದು, ವಿಶೇಷ ಏನು ಅಂತ ಅದರಲ್ಲಿ ಓದಬಹುದು. ನಾನು ಹುಡುಕುತ್ತಿದ್ದುದು ಬ್ಯಾಲಿ ಕಂಪನಿಯ 1981ರ ಫ್ಲ್ಯಾಶ್ ಗೋರ್ಡನ್ ಯಂತ್ರ. ಚಿಕ್ಕಂದಿನಲ್ಲಿ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಓದಿದ್ದ, ಬಾಹ್ಯಾಕಾಶದಲ್ಲಿ ಸಾಹಸ ಮಾಡುವ ಅದೇ ಫ್ಲ್ಯಾಶ್. ಅಲೆಕ್ಸ್ ರೇಮಂಡ್ ಅವನನ್ನು ಬರೆಯಲು ಶುರು ಮಾಡಿದ್ದು 1934ರ ಜನವರಿಯಲ್ಲಿ, ಅಮೆರಿಕದ ಪತ್ರಿಕೆಗಳ ಭಾನುವಾರದ ಪುಟಕ್ಕೆ.

ಸಿಕ್ಕ ಕೂಡಲೇ ಆಡಲಿಲ್ಲ. ಮೊದಲು ಯಂತ್ರದ ಮೇಲಿನ ಪೆಟ್ಟಿಗೆಯ ಚಿತ್ರದ ಗಾಜನ್ನೇ ನೋಡುತ್ತಾ ನಿಂತೆ. ಫ್ಲ್ಯಾಶ್‌ನ ವೈರಿ ಮಿಂಗ್ ಚಕ್ರವರ್ತಿ ಅಲ್ಲಿದ್ದಾನೆ. ಆ ಕಾಲದಲ್ಲಿ ಈ ಗಾಜುಗಳನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಮಾಡುತ್ತಿದ್ದರು. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್. ಹೀಗೆ ಅಚ್ಚು ಹಾಕಲು ದಪ್ಪ ಗೆರೆ, ತುಂಬು ಬಣ್ಣದ ಚಿತ್ರ ಬೇಕು. ಕಾಮಿಕ್ಸ್‌ನಲ್ಲಿ ಇರುವುದೇ ಅದು, ಅಲ್ವಾ? ಹಿಂದಿನಿಂದ ಬಲ್ಬು ಹತ್ತಿದರೆ ಸಾಕು, ಭಾನುವಾರದ ಪುಟಕ್ಕೆ ಜೀವ ಬರುತ್ತದೆ. ಈ ಯಂತ್ರದಲ್ಲಿ ಮೇಲಿನ ಪೆಟ್ಟಿಗೆಯೊಳಗೆ ಮಿಂಚಿನಂತೆ ಹೊಳೆಯುವ ಸ್ಟ್ರೋಬ್ ದೀಪ ಬೇರೆ ಇದೆ. ಅದು ಫಳ್ ಎಂದಾಗ ಕಣ್ಣು ಕುಕ್ಕುತ್ತದೆ.

ಆಟ ಬಹಳ ಕಷ್ಟ. ಆಡುವ ಹಲಗೆ ಎರಡು ಹಂತದ್ದು. ಮೇಲಿನ ಹಂತಕ್ಕೆ ಚೆಂಡು ಹೋಗಬೇಕಾದರೆ ಫ್ಲಿಪ್ಪರ್, ಅಂದರೆ ಗುಂಡಿ ಒತ್ತಿದಾಗ ಚೆಂಡನ್ನು ಹೊಡೆಯುವ ಸಣ್ಣ ತೋಳು, ಸರಿಯಾದ ಗಳಿಗೆಯಲ್ಲೇ ಬಡಿಯಬೇಕು. ಒಂದು ಚೂರು ತಡವಾದರೂ ಚೆಂಡು ಪಕ್ಕದಲ್ಲಿ ಜಾರಿ ಹೋಯಿತು ಅಂತಲೇ ಲೆಕ್ಕ. ಇಷ್ಟರ ನಡುವೆ ಯಂತ್ರದೊಳಗಿಂದ ಮಿಂಗ್ ಕೆಣಕುತ್ತಾನೆ. ನನಗೆ ಸಿಟ್ಟು ಬಂತು, ನಿಜವಾಗಿಯೂ. ರೇಮಂಡ್‌ನ ಪುಟ ಮುಗಿಯುತ್ತಿದ್ದುದು ಫ್ಲ್ಯಾಶ್ ಯಾವುದೋ ಅಪಾಯದಲ್ಲಿ ಸಿಕ್ಕಿಬಿದ್ದಾಗ. ಮುಂದೇನಾಯ್ತು ಅಂತ ತಿಳಿಯಲು ವಾರ ಕಾಯಬೇಕಿತ್ತು. ಇಲ್ಲಿ ಚೆಂಡು ಕೆಳಗೆ ಬಿದ್ದಾಗ ಆಗುವುದೂ ಅದೇ ಚಡಪಡಿಕೆ. ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಕಂತು ಕಂತಾಗಿ ಬಂದ ಕಥೆಗೆ ಇಷ್ಟು ಚೆನ್ನಾಗಿ ಹೊಂದುವ ಆಟ ಇನ್ನೊಂದು ನನಗೆ ಗೊತ್ತಿಲ್ಲ.

ಅಕ್ಕನ ಮಗಳು ಫ್ಲ್ಯಾಶ್‌ನ ಹೆಸರೇ ಕೇಳಿರಲಿಲ್ಲ. ಆದರೂ ಮೊದಲ ಚೆಂಡು ಮುಗಿಯುವಷ್ಟರಲ್ಲಿ, "ಮಾಮ, ಈ ಗಡ್ಡದವನನ್ನ ಸುಮ್ನೆ ಬಿಡಬಾರದು" ಅಂದಳು. ಯಾರೂ ಅವಳಿಗೆ ಕಥೆ ಹೇಳಿರಲಿಲ್ಲ. ಚೂಪು ಗಡ್ಡ, ಎತ್ತರದ ಕಾಲರ್ ನೋಡಿದರೆ ಸಾಕು, ವೈರಿ ಯಾರು ಅಂತ ಗೊತ್ತಾಗುತ್ತದೆ. ಒಳ್ಳೆಯ ಕಾಮಿಕ್ ಸ್ಟ್ರಿಪ್ ಬರೆಯುವವರು ಪಾತ್ರವನ್ನು ಹಾಗೇ ಕಟ್ಟಿರುತ್ತಾರೆ.

ಆಮೇಲೆ ಪೊಪಾಯ್ ಯಂತ್ರದ ಹತ್ತಿರ ಹೋದೆವು. ಇದೂ ಬ್ಯಾಲಿ ಹೆಸರಿನದೇ, 1994ರದು. ಪೊಪಾಯ್ 1929ರಿಂದ ಕಾಮಿಕ್ಸ್‌ನಲ್ಲಿ ಇರುವ ನಾವಿಕ. ಇದರಲ್ಲಿ ಅವನಿಗೆ ಪ್ರಾಣಿಗಳನ್ನು, ಭೂಮಿಯನ್ನೇ ಉಳಿಸುವ ಕೆಲಸ ಕೊಟ್ಟಿದ್ದಾರೆ. ಆಶಯ ಒಳ್ಳೆಯದೇ. ಆದರೆ ನನಗೆ ಹಿಡಿಸಲಿಲ್ಲ. ಪೊಪಾಯ್ ಅಂದರೆ ಪಾಲಕ್ ಸೊಪ್ಪು, ಪ್ರೇಯಸಿ ಆಲಿವ್, ವೈರಿ ಬ್ಲೂಟೋ ಜೊತೆ ಗುದ್ದಾಟ. ಅಷ್ಟಿದ್ದರೆ ಬೇಕಾದಷ್ಟಾಯಿತು. ಅದರ ಮೇಲೆ ಸಂದೇಶ ಹೊರಿಸಿದಾಗ ಗುದ್ದಾಟದ ಮಜಾ ಹಿಂದೆ ಸರಿದಿದೆ. ಹಲಗೆಯ ಮೇಲೂ ಸಾಮಾನು ಜಾಸ್ತಿ, ಚೆಂಡು ಎಲ್ಲಿ ಹೋಯಿತು ಅಂತ ಹುಡುಕಬೇಕು.

ಅವಳಿಗೂ ಹಾಗೇ ಅನ್ನಿಸಿರಬೇಕು. ಆಟ ಪೂರ್ತಿ ಮುಗಿಸದೆ ಮಿಂಗ್ ಇದ್ದ ಸಾಲಿಗೆ ಹೊರಟಳು. ಸಂಜೆಯವರೆಗೆ ನಾವು ಅಲ್ಲೇ ಇದ್ದೆವು.