ಯಾವ ಕ್ರೂಸ್ ಕಂಪನಿ ಒಳ್ಳೆಯದು ಅಂತ ಕೇಳುವವರಿಗೆ

ಹಡಗಿನ ಪ್ರವಾಸದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: “ಒಂದು ಲಕ್ಷುರಿ ಕ್ರೂಸ್‌ಗೆ ಹೋಗಬೇಕು ಅಂತ ದುಡ್ಡು ಕೂಡಿಟ್ಟಿದ್ದೇವೆ. ಸಿಲ್ವರ್‌ಸೀ, ರೀಜೆಂಟ್, ಸೀಬೋರ್ನ್, ವೈಕಿಂಗ್ ಎಲ್ಲಾ ನೋಡಿದ್ವಿ. ಎಲ್ಲದರ ಫೋಟೋನೂ ಒಂದೇ ಥರ ಕಾಣುತ್ತೆ. ಯಾವುದು ಒಳ್ಳೆಯದು?”

ಫೋಟೋ ಒಂದೇ ಥರ ಕಾಣುವುದು ನಿಜ. ನೀಲಿ ಸಮುದ್ರ, ಬಿಳಿ ಹಾಸಿಗೆ, ಬಾಲ್ಕನಿಯಲ್ಲಿ ಎರಡು ಗ್ಲಾಸು. ಅದಕ್ಕೇ ನಾನು ಹೇಳುವುದು, ಕಂಪನಿಗಳನ್ನು ಹೋಲಿಸುವುದು ಬಿಡಿ. ಒಂದು ಪ್ರಯಾಣವನ್ನು ಇನ್ನೊಂದು ಪ್ರಯಾಣದ ಪಕ್ಕದಲ್ಲಿಟ್ಟು ನೋಡಿ. ಇಂಥ ಹಡಗು, ಇಂಥ ತಾರೀಖು, ಇಂಥಿಂಥ ಬಂದರು, ಇಂಥ ರೂಮು. ಕಂಪನಿಯ ಹೆಸರು ಕೊನೆಗೆ ಬರಲಿ.

ಮೊದಲು ನೋಡಬೇಕಾದ್ದು ಬಂದರಿನ ವೇಳಾಪಟ್ಟಿ. ಜನ ರೂಮಿನ ಫೋಟೋ ನೋಡುತ್ತಾ ಅರ್ಧ ದಿನ ಕಳೆಯುತ್ತಾರೆ, ಈ ಪಟ್ಟಿಯ ಮೇಲೆ ಮಾತ್ರ ಸುಮ್ನೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ನೀವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಅನ್ನುವುದು ಇರುವುದೇ ಅಲ್ಲಿ. ಒಂದು ಸಾಲು ತೆಗೆದುಕೊಳ್ಳಿ: ಗ್ರೀಸಿನ ಸ್ಯಾಂಟೊರಿನಿ ದ್ವೀಪ, ಬೆಳಿಗ್ಗೆ 8ರಿಂದ ಸಂಜೆ 5. ಒಂಬತ್ತು ಗಂಟೆ ಅಂತ ಅನಿಸುತ್ತೆ. ಆದರೆ ಅಲ್ಲಿ ಕ್ರೂಸ್ ಹಡಗು ದಡಕ್ಕೆ ತಾಗುವುದೇ ಇಲ್ಲ, ದೂರದಲ್ಲಿ ಲಂಗರು ಹಾಕುತ್ತೆ. ಅಲ್ಲಿಂದ ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು. ಸಾಮಾನ್ಯವಾಗಿ ಟೂರ್ ಬುಕ್ ಮಾಡಿದವರಿಗೆ ಮೊದಲ ದೋಣಿಗಳು, ಉಳಿದವರಿಗೆ ಆಮೇಲೆ. ಹಳೆಯ ಬಂದರಿನಲ್ಲಿ ಇಳಿದರೆ ಊರು ಇರುವುದು ಕಡಿದಾದ ಬಂಡೆಯ ತಲೆಯ ಮೇಲೆ. ಕೇಬಲ್ ಕಾರ್ ಹತ್ತಬೇಕು, ಇಲ್ಲವೇ ಆರುನೂರರ ಹತ್ತಿರ ಮೆಟ್ಟಿಲು. ಅದೇ ದಿನ ಇನ್ನೂ ಮೂರು ಹಡಗು ಬಂದಿದ್ದರೆ ಕೇಬಲ್ ಕಾರ್ ಕ್ಯೂ ಎಷ್ಟುದ್ದ ಅಂತ ನೀವೇ ಯೋಚಿಸಿ. ಕೊನೆಯ ಟೆಂಡರ್ ನಾಲ್ಕೂವರೆಗೆ ಅಂದರೆ ಮೂರು ಗಂಟೆಗೇ ವಾಪಸ್ ಕ್ಯೂನಲ್ಲಿ ನಿಲ್ಲಬೇಕು. ಪಟ್ಟಿಯಲ್ಲಿದ್ದ ಒಂಬತ್ತು ಗಂಟೆಯಲ್ಲಿ ಐದು ಗಂಟೆ ಕೈಗೆ ಸಿಕ್ಕರೆ ಪುಣ್ಯ. ಆ ಊರಿನ ಸೂರ್ಯಾಸ್ತ ನೋಡಬೇಕು ಅಂತಲೇ ಈ ಪ್ರಯಾಣ ಆರಿಸಿಕೊಂಡವರಿಗೆ, ಸಂಜೆ 5ಕ್ಕೆ ಹೊರಡುವ ಹಡಗು ಎಷ್ಟೇ ಐಷಾರಾಮಿ ಆಗಿದ್ದರೂ ಏನು ಪ್ರಯೋಜನ? ಅದೇ ದ್ವೀಪದಲ್ಲಿ ರಾತ್ರಿ 10ರವರೆಗೆ ನಿಲ್ಲುವ ಹಡಗಿನಲ್ಲಿ ರೂಮು ಸ್ವಲ್ಪ ಚಿಕ್ಕದಿದ್ದರೂ ನಾನು ಅದನ್ನೇ ಆರಿಸುತ್ತೇನೆ.

ಪಟ್ಟಿಯಲ್ಲಿರುವ ಊರಿನ ಹೆಸರನ್ನೂ ಸರಿಯಾಗಿ ಓದಿ. ರೋಮ್ ಅಂತ ಇದ್ದರೆ ಹಡಗು ನಿಲ್ಲುವುದು ಚಿವಿಟವೆಕಿಯಾ ಅನ್ನುವ ಬಂದರಿನಲ್ಲಿ, ರೋಮ್‌ನಿಂದ 70 ಕಿ.ಮೀ.ಗೂ ಜಾಸ್ತಿ ದೂರ. ಫ್ಲಾರೆನ್ಸ್ ಅಂದರೆ ಲಿವೋರ್ನೊ. ಪ್ಯಾರಿಸ್ ಅಂದರೆ ಲ ಹಾವ್ರ್, ಅಲ್ಲಿಂದ ಪ್ಯಾರಿಸ್‌ಗೆ ಸುಮಾರು 200 ಕಿ.ಮೀ. ಬರ್ಲಿನ್ ಅಂದರೆ ವಾರ್ನಮುಂಡೆ, ಅದು ಇನ್ನೂ ದೂರ. ವೆನಿಸ್ ಕಥೆ ಬೇರೆಯೇ. 2021ರ ಆಗಸ್ಟ್‌ನಿಂದ 25,000 ಗ್ರಾಸ್ ಟನ್‌ಗಿಂತ ದೊಡ್ಡ ಹಡಗುಗಳು ಸ್ಯಾನ್ ಮಾರ್ಕೊ ಚೌಕದ ಮುಂದೆ ಹಾದುಹೋಗುವಂತಿಲ್ಲ. ಲಕ್ಷುರಿ ಕಂಪನಿಗಳ ಹೊಸ ಹಡಗುಗಳಲ್ಲಿ ಬಹಳಷ್ಟು ಇದಕ್ಕಿಂತ ದೊಡ್ಡವು. ಹಾಗಾಗಿ ಬ್ರೋಷರ್‌ನಲ್ಲಿ ವೆನಿಸ್ ಅಂತಿದ್ದರೂ ಹಡಗು ನಿಜವಾಗಿ ನಿಲ್ಲುವುದು ಎಲ್ಲಿ ಅಂತ ಬರವಣಿಗೆಯಲ್ಲಿ ಕೇಳಿ. ಬಹಳಷ್ಟು ಬಂದರುಗಳು ಯಾವ ದಿನ ಯಾವ ಹಡಗು ಬರುತ್ತೆ ಅಂತ ತಾವೇ ಮೊದಲೇ ಪ್ರಕಟಿಸುತ್ತವೆ. ನಿಮ್ಮ ತಾರೀಖಿಗೆ ಅಲ್ಲಿ ಎಷ್ಟು ಹಡಗಿವೆ ಅಂತ ಹತ್ತು ನಿಮಿಷ ನೋಡಿದರೆ ಸಾಕು, ಒಂದು ಇಡೀ ದಿನ ಉಳಿಸಿಕೊಳ್ಳಬಹುದು.

ಎರಡನೆಯದು ಹಡಗು. ಒಂದೇ ಕಂಪನಿಯ ಎರಡು ಹಡಗು ಒಂದೇ ಥರ ಇರುವುದಿಲ್ಲ. ಸಿಲ್ವರ್‌ಸೀಯ ಸಿಲ್ವರ್ ಶ್ಯಾಡೋ ಬಂದದ್ದು 2000ದಲ್ಲಿ, ನಾನೂರರ ಒಳಗೆ ಪ್ರಯಾಣಿಕರು. ಸಿಲ್ವರ್ ನೋವಾ ಬಂದದ್ದು 2023ರಲ್ಲಿ, 728 ಜನ. ರೀಜೆಂಟ್‌ನ ವಾಯೇಜರ್ 2003ರದ್ದು, ಗ್ರ್ಯಾಂಡ್ಯೂರ್ 2023ರದ್ದು. ಇಪ್ಪತ್ತು ವರ್ಷದ ಅಂತರ ಬಾತ್‌ರೂಮಿನಲ್ಲೇ ಗೊತ್ತಾಗುತ್ತೆ. ಹಳೆಯದು ಕೆಟ್ಟದ್ದು ಅಂತಲ್ಲ. ಸಣ್ಣ ಹಡಗು ಸಣ್ಣ ಬಂದರಿಗೆ ನುಗ್ಗುತ್ತೆ, ಮೂರನೇ ದಿನಕ್ಕೆ ಬಾರ್‌ನವರಿಗೆ ನಿಮ್ಮ ಹೆಸರು ಗೊತ್ತಿರುತ್ತೆ. ಆದರೆ ಕೊನೆಯ ಸಲ ನವೀಕರಣ ಆದದ್ದು ಯಾವಾಗ ಅಂತ ಕೇಳದೆ ಹಳೆಯ ಹಡಗು ಬುಕ್ ಮಾಡಬೇಡಿ.

ಹಡಗು ಎಷ್ಟು ಇಕ್ಕಟ್ಟು ಅಂತ ತಿಳಿಯಲು ಒಂದು ಸುಲಭದ ಲೆಕ್ಕ ಇದೆ. ಗ್ರಾಸ್ ಟನ್ ಅನ್ನುವುದು ಹಡಗಿನ ತೂಕ ಅಲ್ಲ, ಒಳಗಿನ ಜಾಗದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಸಿಲ್ವರ್ ನೋವಾ 54,700 ಟನ್, 728 ಜನ, ಅಂದರೆ ಒಬ್ಬರಿಗೆ 75. ಸೀಬೋರ್ನ್ ಎನ್‌ಕೋರ್ 40,350, ಸುಮಾರು 600 ಜನ, 67. ಎಕ್ಸ್‌ಪ್ಲೋರಾ 1 ಅನ್ನುವ ಹಡಗು 63,900, 922 ಜನ, 69. ವೈಕಿಂಗ್‌ನ ಸಾಗರದ ಹಡಗುಗಳಲ್ಲಿ ಹೆಚ್ಚಿನವು 47,800, 930 ಜನ, 51. ದೊಡ್ಡ ಹಡಗುಗಳ ಪೈಕಿ ಐಕಾನ್ ಆಫ್ ದಿ ಸೀಸ್‌ಗೆ ಇದೇ ಲೆಕ್ಕ ಹಾಕಿದರೆ 44ರ ಆಸುಪಾಸು. ಇದರ ಜೊತೆಗೆ ಎಷ್ಟು ಪ್ರಯಾಣಿಕರಿಗೆ ಒಬ್ಬ ಸಿಬ್ಬಂದಿ ಅಂತಲೂ ನೋಡಿ. ಒಂದೂವರೆಯ ಒಳಗಿದ್ದರೆ ಮೇಲ್ದರ್ಜೆಯ ಸೇವೆ ಅಂತ ಇಟ್ಟುಕೊಳ್ಳಬಹುದು. ಈ ಎರಡು ಅಂಕಿ ಹೇಳುವಷ್ಟು ನಿಜವನ್ನು ನಕ್ಷತ್ರಗಳ ರೇಟಿಂಗ್ ಹೇಳುವುದಿಲ್ಲ.

ಅಂಟಾರ್ಕ್ಟಿಕಾಗೆ ಹೋಗುವವರಿಗೆ ಪ್ರಯಾಣಿಕರ ಸಂಖ್ಯೆ ಬರೀ ಆರಾಮದ ವಿಷಯ ಅಲ್ಲ. ಅಲ್ಲಿ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಪ್ರಯಾಣಿಕರಿಗಿಂತ ಜಾಸ್ತಿ ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ಇಳಿಯುವಂತಿಲ್ಲ, ಡೆಕ್ ಮೇಲೆ ನಿಂತು ನೋಡಿ ಬರಬೇಕು ಅಷ್ಟೇ. ಸೀಬೋರ್ನ್ ವೆಂಚರ್‌ನಲ್ಲಿ 264 ಜನ, ಅಂದರೆ ಪಾಳಿಯಲ್ಲಿ ಇಳಿಸುತ್ತಾರೆ. ಇನ್ನೂರರ ಒಳಗಿನ ಹಡಗಿನಲ್ಲಿ ಪಾಳಿ ಕಡಿಮೆ, ಪೆಂಗ್ವಿನ್‌ಗಳ ಜೊತೆ ಕಳೆಯುವ ಹೊತ್ತು ಜಾಸ್ತಿ. ಮಂಜುಗಡ್ಡೆ ಒಡೆದುಕೊಂಡು ಇನ್ನೂ ಒಳಗೆ ಹೋಗಬೇಕು ಅನ್ನುವವರಿಗೆ ಫ್ರಾನ್ಸಿನ ಪೊನಾಂ ಕಂಪನಿಯ ಲ ಕಮಾಂಡಾಂ ಶಾರ್ಕೊ ಇದೆ, 2021ರಲ್ಲಿ ಬಂದದ್ದು, ಉತ್ತರ ಧ್ರುವದವರೆಗೂ ಹೋಗಿ ಬಂದ ಹಡಗು.

ಇನ್ನು ದುಡ್ಡು. ಇಲ್ಲಿ ಜನ ಟಿಕೆಟ್ ಬೆಲೆಯನ್ನು ಟಿಕೆಟ್ ಬೆಲೆಯ ಜೊತೆಗೆ ಹೋಲಿಸುತ್ತಾರೆ, ಅದು ಹೋಲಿಕೆಯೇ ಅಲ್ಲ. ರೀಜೆಂಟ್‌ನಲ್ಲಿ ಬಂದರಿನಲ್ಲಿ ಸುತ್ತಾಡಿಸುವ ಹೆಚ್ಚಿನ ಟೂರ್‌ಗಳೂ ಬೆಲೆಯಲ್ಲೇ ಸೇರಿವೆ. ಸಿಲ್ವರ್‌ಸೀಯಲ್ಲಿ ಪ್ರತಿ ಸೂಟ್‌ಗೂ ಬಟ್ಲರ್. ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್ ಮೂರರಲ್ಲೂ ಡ್ರಿಂಕ್ಸ್, ಟಿಪ್ಸ್ ಸೇರಿರುತ್ತವೆ. ವೈಕಿಂಗ್‌ನಲ್ಲಿ ಪ್ರತಿ ಬಂದರಿಗೆ ಒಂದು ಟೂರ್ ಉಚಿತ, ಮಧ್ಯಾಹ್ನ ಮತ್ತು ರಾತ್ರಿ ಊಟದ ಜೊತೆ ವೈನ್, ಬಿಯರ್ ಉಚಿತ, ಸ್ಪಾದ ಬಿಸಿನೀರಿನ ಕೊಳ, ಸೌನಾ ಎಲ್ಲರಿಗೂ ಮುಕ್ತ. ಆದರೆ ಉಳಿದ ಡ್ರಿಂಕ್ಸ್ ಬೇರೆ, ಟಿಪ್ಸ್ ಕೂಡ ಕೆಲವು ದೇಶಗಳಲ್ಲಿ ಬುಕ್ ಮಾಡಿದವರಿಗೆ ಬೇರೆ.

ಹಾಗಾದರೆ ಎಲ್ಲಾ ಸೇರಿರುವುದೇ ಲಾಭ ಅಲ್ವಾ? ಎಲ್ಲರಿಗೂ ಅಲ್ಲ. ನೀವು ಕುಡಿಯುವವರಲ್ಲ, ಬಂದರಿನಲ್ಲಿ ಬಸ್ ಹತ್ತುವುದಕ್ಕಿಂತ ನಿಮ್ಮಷ್ಟಕ್ಕೆ ನಡೆದು ಸುತ್ತುವುದು ಇಷ್ಟ ಅಂತಿದ್ದರೆ, ಎಲ್ಲಾ ಸೇರಿದ ಬೆಲೆಯಲ್ಲಿ ಪಕ್ಕದ ಟೇಬಲ್‌ನವರ ಶಾಂಪೇನ್‌ಗೂ ಟೂರಿಗೂ ನೀವು ಪಾಲು ಕೊಡುತ್ತಿದ್ದೀರಿ. ಒಂದು ಹಾಳೆ ತೆಗೆದುಕೊಂಡು ಎರಡು ಕಾಲಂ ಹಾಕಿ: ವಿಮಾನ, ಮೊದಲ ರಾತ್ರಿಯ ಹೋಟೆಲ್, ಟೂರ್, ಡ್ರಿಂಕ್ಸ್, ಟಿಪ್ಸ್, ವೈಫೈ, ಲಾಂಡ್ರಿ, ಇನ್ಶೂರೆನ್ಸ್. ನೀವು ನಿಜವಾಗಿ ಬಳಸುವುದನ್ನು ಮಾತ್ರ ಬರೆಯಿರಿ. ಬಂದ ಮೊತ್ತವನ್ನು ರಾತ್ರಿಗಳ ಸಂಖ್ಯೆಯಿಂದ ಭಾಗಿಸಿ. ಮೊದಲು ದುಬಾರಿ ಅನಿಸಿದ್ದು ಎಷ್ಟೋ ಸಲ ಅಗ್ಗವಾಗಿ ಬರುತ್ತೆ, ಎಷ್ಟೋ ಸಲ ಉಲ್ಟಾ. ಒಬ್ಬರೇ ಹೋಗುವವರು ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು. ಬೆಲೆ ಹೇಳುವುದು ಒಂದು ರೂಮಿನಲ್ಲಿ ಇಬ್ಬರು ಅನ್ನುವ ಲೆಕ್ಕಕ್ಕೆ. ಒಬ್ಬರೇ ಇದ್ದರೆ ಕೆಲವೊಮ್ಮೆ ಇಬ್ಬರ ದುಡ್ಡೂ ಕಟ್ಟಬೇಕಾಗುತ್ತೆ. ಅದೇ ಕಂಪನಿ ಬೇರೆ ತಾರೀಖಿಗೆ ಆ ಹೆಚ್ಚುವರಿಯನ್ನು ತುಂಬಾ ಇಳಿಸಿರುತ್ತೆ. ಕೇಳಿ.

ರೂಮು ಆರಿಸುವಾಗ ಫೋಟೋ ಬೇಡ, ಡೆಕ್ ಪ್ಲಾನ್ ತೆಗೆಯಿರಿ. ನಿಮ್ಮ ರೂಮಿನ ಮೇಲೆ ಏನಿದೆ, ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಕು ಹರಿಯುವ ಮೊದಲೇ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಡ್ರಮ್. ಮುಂಭಾಗದ ಕೆಳ ಡೆಕ್ಕಿನಲ್ಲಿ ಲಂಗರಿನ ಸರಪಳಿ ಇಳಿಯುವಾಗ ಹಾಸಿಗೆಯೇ ನಡುಗುತ್ತೆ. ಮೇಲೂ ಕೆಳಗೂ ಬರೀ ರೂಮುಗಳಿರುವ, ಹಡಗಿನ ನಡುಭಾಗದ, ಸ್ವಲ್ಪ ಕೆಳಗಿನ ಡೆಕ್ ಒಳ್ಳೆಯದು. ಅಲ್ಲಿ ಅಲುಗಾಟವೂ ಕಡಿಮೆ. ಸಮುದ್ರ ಆಗಿಬರದವರು ಎತ್ತರದ, ಮುಂಭಾಗದ ದುಬಾರಿ ಸೂಟ್ ತೆಗೆದುಕೊಂಡು ಒದ್ದಾಡುವುದು ನೋಡಿದರೆ ಬೇಜಾರಾಗುತ್ತೆ. ‘ಗ್ಯಾರಂಟಿ’ ಅನ್ನುವ ಅಗ್ಗದ ಬುಕಿಂಗ್‌ನಲ್ಲಿ ರೂಮು ನಂಬರ್ ಆರಿಸುವುದು ಅವರು, ನೀವಲ್ಲ. ನಿದ್ದೆ ಸೂಕ್ಷ್ಮ ಇರುವವರಿಗೆ ಅದು ಬೇಡ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಈ ದರ್ಜೆಯಲ್ಲಿ ಕೆಟ್ಟ ಊಟ ಹಾಕುವವರು ಇಲ್ಲ. ಊಟಕ್ಕೇ ಅಂತ ಹೋಗುವುದಾದರೆ ಓಷಿಯಾನಿಯಾ ನೋಡಿ, ಬೆಲೆಯಲ್ಲಿ ಒಂದು ಮೆಟ್ಟಿಲು ಕೆಳಗೆ, ಅಡುಗೆಯಲ್ಲಿ ಅಲ್ಲ. ಪಥ್ಯ, ಅಲರ್ಜಿ ಇದ್ದವರು ತಿಂಗಳುಗಳ ಮೊದಲೇ ಬರೆದು ತಿಳಿಸಬೇಕು. ಹಡಗು ಹೊರಟ ಮೇಲೆ ಹೇಳಿದರೆ ಅವರ ಹತ್ತಿರ ಇರುವುದರಲ್ಲೇ ಮಾಡಬೇಕಾಗುತ್ತೆ.

ಜೊತೆಗೆ ಯಾರಿರುತ್ತಾರೆ ಅನ್ನುವುದು ಊಟಕ್ಕಿಂತ ಮುಖ್ಯ. ವೈಕಿಂಗ್‌ನಲ್ಲಿ 18 ವರ್ಷದ ಒಳಗಿನವರನ್ನು ಹತ್ತಿಸುವುದೇ ಇಲ್ಲ, ಕ್ಯಾಸಿನೋ ಇಲ್ಲ, ಸೂಟು ಬೂಟಿನ ರಾತ್ರಿಗಳೂ ಇಲ್ಲ. ಸಂಜೆ ಒಂದು ಉಪನ್ಯಾಸ ಕೇಳಿ ಬೇಗ ಮಲಗುವವರಿಗೆ ಹೇಳಿಮಾಡಿಸಿದ ಹಡಗು. ಎಕ್ಸ್‌ಪ್ಲೋರಾದಲ್ಲಿ ಮಕ್ಕಳಿಗೆ ಬೇರೆ ಜಾಗವೇ ಇದೆ. ಕುನಾರ್ಡ್‌ನಲ್ಲಿ ಗಾಲಾ ಸಂಜೆಗೆ ಕಪ್ಪು ಸೂಟು, ಉದ್ದದ ಗೌನ್ ಹಾಕಿಕೊಂಡು ಬರುವುದೇ ಒಂದು ಸಂಭ್ರಮ. ಹಾಪಾಗ್-ಲಾಯ್ಡ್‌ನ ಓಯ್ರೋಪಾದಲ್ಲಿ ಮುಖ್ಯ ಭಾಷೆ ಜರ್ಮನ್, ಪೊನಾಂನಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್. ಊಟದ ಮೇಜಿನಲ್ಲಿ ಹತ್ತು ದಿನ ಮಾತು ಅರ್ಥವಾಗದೆ ಕೂರುವುದು ಕಷ್ಟ.

ಅಡ್ವಾನ್ಸ್ ಕಟ್ಟುವ ಮೊದಲು ಒಪ್ಪಂದ ಓದಿ. ಬಂದರು ಬಿಟ್ಟುಬಿಡುವ, ದಾರಿ ಬದಲಿಸುವ ಹಕ್ಕು ಕಂಪನಿಗೆ ಇದ್ದೇ ಇರುತ್ತೆ. ಬಂದರಿನ ಶುಲ್ಕ ವಾಪಸ್ ಬಂದರೆ ಬಂತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಪ್ರಯಾಣಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು, ಕೆಲವು ರದ್ದೇ ಆದವು. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ದುಡ್ಡು ಭದ್ರ ಅಂತಲೂ ಅಲ್ಲ. ಕ್ರಿಸ್ಟಲ್ ಅಂದರೆ ಈ ವ್ಯಾಪಾರದಲ್ಲಿ ಎಲ್ಲರೂ ಗೌರವಿಸುತ್ತಿದ್ದ ಹೆಸರು. ಅದರ ಮಾಲೀಕ ಸಂಸ್ಥೆ ಮುಳುಗಿದಾಗ 2022ರ ಆರಂಭದಲ್ಲಿ ಪ್ರಯಾಣಗಳು ನಿಂತವು, ಎರಡು ಹಡಗುಗಳನ್ನು ಬಹಾಮಾಸ್‌ನಲ್ಲಿ ಹಿಡಿದಿಟ್ಟರು, ಮುಂಗಡ ಕಟ್ಟಿದವರು ದಿಕ್ಕೆಟ್ಟರು. ಹೊಸ ಮಾಲೀಕರ ಕೈಯಲ್ಲಿ 2023ರಲ್ಲಿ ಅದೇ ಹಡಗುಗಳು ಮತ್ತೆ ಓಡತೊಡಗಿದವು ಅನ್ನುವುದು ಸಂತೋಷದ ವಿಷಯ. ಆದರೆ ನಡುವಿನ ಆ ತಿಂಗಳುಗಳನ್ನು ನೆನೆದು ಹೇಳುತ್ತಿದ್ದೇನೆ: ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ, ಕಂಪನಿ ದಿವಾಳಿಯಾದರೂ ಕೊಡುವ ಇನ್ಶೂರೆನ್ಸ್ ಮಾಡಿಸಿ, ಅದರಲ್ಲಿ ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಇದೆಯಾ ನೋಡಿ. ಹಡಗಿನ ವೈದ್ಯರ ಫೀಸು ‘ಎಲ್ಲಾ ಸೇರಿದೆ’ ಅನ್ನುವುದರಲ್ಲಿ ಸೇರಿರುವುದಿಲ್ಲ.

ಇಷ್ಟು ಹೇಳಿದ ಮೇಲೂ “ಹೆಸರು ಹೇಳಿ” ಅನ್ನುವವರು ಇರುತ್ತಾರೆ. ಸರಿ, ಹೇಳುತ್ತೇನೆ. ಪ್ರತಿ ಬಂದರಿನಲ್ಲೂ ಗೈಡ್ ಜೊತೆ ಸುತ್ತುವವರು, ಪರ್ಸ್ ತೆಗೆಯುವ ಗೋಜೇ ಬೇಡ ಅನ್ನುವವರು ರೀಜೆಂಟ್ ನೋಡಿ. ಸೂಟ್‌ನಲ್ಲೇ ಹೆಚ್ಚು ಹೊತ್ತು ಕಳೆಯುವವರಿಗೆ, ಒಳ್ಳೆಯ ಸೇವೆ ಬಯಸುವವರಿಗೆ ಸಿಲ್ವರ್‌ಸೀ ಅಥವಾ ಸೀಬೋರ್ನ್. ಇತಿಹಾಸ ಇಷ್ಟಪಡುವ ದಂಪತಿಗೆ, ಖರ್ಚು ಹಿಡಿತದಲ್ಲಿರಬೇಕು ಅಂದರೆ, ವೈಕಿಂಗ್. ಊರುಗಳ ಸಂಜೆ, ರಾತ್ರಿ ನೋಡಬೇಕು ಅಂದರೆ ಅಜಮಾರಾ. ಹಡಗುಗಳು ಹಳೆಯವು, ಐಷಾರಾಮ ಒಂದು ಕೈ ಕಡಿಮೆ, ಆದರೆ ತಡರಾತ್ರಿಯವರೆಗೆ ಬಂದರಿನಲ್ಲಿ ನಿಲ್ಲುವುದನ್ನೇ ಅವರು ತಮ್ಮ ಕಸುಬು ಮಾಡಿಕೊಂಡಿದ್ದಾರೆ, ನನಗೆ ಅದು ತುಂಬಾ ಇಷ್ಟ. ಮತ್ತೆ, ಮೊದಲ ಸಲ ಹೋಗುವವರು ಯಾವುದೇ ಆರಿಸಿದರೂ 7ರಿಂದ 10 ರಾತ್ರಿಯದ್ದನ್ನು ತೆಗೆದುಕೊಳ್ಳಿ. ಮೂರು ವಾರದ್ದು ಮುಂದಿನ ಸಲಕ್ಕಿರಲಿ. ಅದನ್ನು ಮೊದಲ ಪ್ರಯಾಣದ ಹಡಗಿನಲ್ಲಿ ಕೂತೇ ಬುಕ್ ಮಾಡಿದರೆ ಸಾಮಾನ್ಯವಾಗಿ ರಿಯಾಯಿತಿಯೂ ಸಿಗುತ್ತೆ.