ಹದಿನೇಳೋ, ಇಪ್ಪತ್ತಮೂರೋ?

ತಿಂಗಳ 15 ಬಂತೆಂದರೆ ಪಿಎಫ್ (ನೌಕರರ ಭವಿಷ್ಯ ನಿಧಿ), ಇಎಸ್‌ಐ (ನೌಕರರ ಚಿಕಿತ್ಸೆಗೆ ಒದಗುವ ಸರ್ಕಾರಿ ವಿಮೆ) ಎರಡನ್ನೂ ಕಟ್ಟಲು ಕೊನೆಯ ದಿನ. ಮೊನ್ನೆ 12ಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಆಫೀಸಿನಲ್ಲಿ ನಾವು ಪಗಾರ ಪಟ್ಟಿ ಬಿಚ್ಚಿದಾಗ ಲೆಕ್ಕ ತಪ್ಪಿದ್ದು ತಲೆ ಎಣಿಕೆಯಲ್ಲೇ. ಅಂಗಡಿಗಳ ಬಿಲ್ಲು, ಜಿಎಸ್‌ಟಿ ಲೆಕ್ಕ ಬರೆದುಕೊಡುವ ಸಣ್ಣ ಕಂಪನಿ ಅದು. ಹಾಜರಿ ಪುಸ್ತಕದಲ್ಲಿ 17 ಹೆಸರು, ಬ್ಯಾಂಕಿನಿಂದ ಪಗಾರ ಹೋಗಿದ್ದು 23 ಖಾತೆಗಳಿಗೆ.

"ಆ ಆರು ಮಂದಿ ಆಫೀಸಿಗೆ ಬರಂಗೇ ಇಲ್ಲಲ್ರೀ, ಅವ್ರನ್ಯಾಕ ಲೆಕ್ಕಕ್ಕ ಹಿಡೀತೀರಿ?" ಅಂದರು ಮಾಲೀಕರು. ಐವರು ಗದಗ, ಲಕ್ಷ್ಮೇಶ್ವರ, ಬ್ಯಾಡಗಿ ಕಡೆಯವರು, ಒಬ್ಬರು ಪುಣೆಯಲ್ಲಿದ್ದಾರೆ; ಎಲ್ಲರದೂ ಮನೆಯಿಂದಲೇ ಕೆಲಸ. ಆರೂ ಜನರಿಗೆ ಲ್ಯಾಪ್‌ಟಾಪ್ ಇವರದೇ, ಕೆಲಸದ ವೇಳೆ ಗೊತ್ತು ಮಾಡಿದ್ದು ಇವರೇ, ತಪ್ಪಿದ ಎಂಟ್ರಿ ವಾಪಸ್ ಕಳಿಸಿ ತಿದ್ದಿಸುವವರೂ ಇವರೇ.

ಮನೆಯಲ್ಲಿ ಕೂತು ಕೆಲಸ ಮಾಡುವವರೂ ನೌಕರರೇ ಎಂಬ ಪ್ರಶ್ನೆ ಲ್ಯಾಪ್‌ಟಾಪ್ ಬರುವ ಮೊದಲೇ ಇತ್ಯರ್ಥವಾಗಿದೆ. ಮನೆಯಲ್ಲಿ ಬೀಡಿ ಕಟ್ಟುವವರಿಗೆ ಪಿಎಫ್ ಬೇಕೋ ಬೇಡವೋ ಎಂಬ ತಕರಾರು ಸುಪ್ರೀಂ ಕೋರ್ಟಿಗೆ ಹೋಗಿ, 1985ರಲ್ಲಿ ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದಲ್ಲಿ ಬೇಕೇ ಬೇಕು ಎಂದು ತೀರ್ಪಾಯಿತು. ಕಟ್ಟಿದ ಬೀಡಿ ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಮಾಲೀಕನ ಕೈಯಲ್ಲಿದೆ, ನೌಕರರೆನ್ನಲು ಅಷ್ಟು ಹಿಡಿತ ಸಾಕು ಎಂಬುದು ಅಲ್ಲಿನ ತರ್ಕ. ಬೀಡಿಯ ಜಾಗದಲ್ಲಿ ಎಕ್ಸೆಲ್ ಶೀಟ್ ಇಟ್ಟು ಓದಿದರಾಯಿತು. "ಅವ್ರು ಕನ್ಸಲ್ಟಂಟ್" ಎಂದು ಕಾಗದದಲ್ಲಿ ಬರೆದು 10 ಪರ್ಸೆಂಟ್ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದರೆ ನೌಕರಿ ಗುತ್ತಿಗೆಯಾಗಿಬಿಡುವುದಿಲ್ಲ. ದಿನಾ ಬೆಳಿಗ್ಗೆ 9ಕ್ಕೆ ಲಾಗಿನ್ ಆಗು ಎಂದು ಹೇಳುವವರಿಗೆ ಈ ದಾರಿ ಇಲ್ಲ.

ಇಎಸ್‌ಐಗೆ 10 ಜನ ಇದ್ದರೆ ಸಾಕು, ಹಾಗಾಗಿ ಆಫೀಸಿನವರಿಗೆ ಮೊದಲಿನಿಂದಲೂ ಕಟ್ಟುತ್ತಿದ್ದರು. ಪಿಎಫ್‌ಗೆ 20. ಹದಿನೇಳೇ ಎಂದುಕೊಂಡು ಪಿಎಫ್ ನೋಂದಣಿಯ ಕೋಡ್ ನಂಬರನ್ನೇ ತೆಗೆಸಿರಲಿಲ್ಲ. 20ನೆಯವರು ಸೇರಿ ಹತ್ತು ತಿಂಗಳಾಗಿದೆ. ಪಗಾರ 15,000 ದಾಟಿದ್ದರಿಂದ ಪಿಎಫ್‌ಗೆ ಸೇರಬೇಕಿಲ್ಲದವರೂ ಈ ಎಣಿಕೆಗೆ ಬರುತ್ತಾರೆ, ಇದು ಬಹಳ ಜನ ಎಡವುವ ಜಾಗ. ಒಮ್ಮೆ 20 ಮುಟ್ಟಿದ ಮೇಲೆ ಮುಂದೆ ಜನ ಕಡಿಮೆಯಾದರೂ ಪಿಎಫ್ ಬಿಡುವುದಿಲ್ಲ.

ಪಿಎಫ್ ಹಿಡಿಯಬೇಕಾದ ಪಗಾರ 14,000 ಇದ್ದವರ ಲೆಕ್ಕ ಹೀಗಾಯಿತು: ನೌಕರರ ಪಾಲು 12 ಪರ್ಸೆಂಟ್, 1,680, ಮಾಲೀಕರದೂ ಅಷ್ಟೇ. ಮಾಲೀಕರ ಪಾಲಿನಲ್ಲಿ 8.33 ಪರ್ಸೆಂಟ್, ಅಂದರೆ 1,166 ಪಿಂಚಣಿಗೆ, ಉಳಿದ 514 ಪಿಎಫ್ ಖಾತೆಗೆ. ಮೇಲೆ ವಿಮೆ 70, ಆಡಳಿತ ಖರ್ಚು 70. ಒಟ್ಟು 3,500. ಹತ್ತು ತಿಂಗಳಿಗೆ ಒಬ್ಬರದೇ 35,000. "ಹ್ವಾದ ತಿಂಗಳದ್ದು ಅವ್ರ ಪಾಲು ಈಗ ಪಗಾರದಾಗ ಮುರಕೋಬೋದಲ್ರೀ?" ಅಂದರು. ಬರುವುದಿಲ್ಲ. ಯಾವ ತಿಂಗಳ ಪಾಲನ್ನು ಆ ತಿಂಗಳ ಪಗಾರದಲ್ಲೇ ಹಿಡಿಯಬೇಕು. ಬಿಟ್ಟಿದ್ದರೆ ಎರಡೂ ಪಾಲು ಮಾಲೀಕರ ತಲೆಗೆ. ಅದಕ್ಕೆ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ, ತಿಂಗಳಿಗೆ 1 ಪರ್ಸೆಂಟ್ ದಂಡ. ನವನಗರದ ಪಿಎಫ್ ಆಫೀಸಿನಿಂದ ನೋಟಿಸು ಬರುವ ಮುಂಚೆ ತಾವೇ ಕಟ್ಟುವುದು ಮೇಲು.

ಇನ್ನೊಂದು ಹಳೆಯ ಚಟ: ಪಿಎಫ್ ಕಡಿಮೆ ಬೀಳಲೆಂದು, 22,000 ಕೊಟ್ಟು ಬೇಸಿಕ್ (ಮೂಲ ವೇತನ) 8,000 ಎಂದು ತೋರಿಸಿ, ಉಳಿದದ್ದನ್ನು ಭತ್ಯೆ ಮಾಡುವುದು. 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಯಾದ ಮೇಲೆ ಭತ್ಯೆ ಒಟ್ಟು ಪಗಾರದ ಅರ್ಧ ಮೀರಿದರೆ ಮೀರಿದ್ದು ವೇತನಕ್ಕೇ ಸೇರುತ್ತದೆ. ಇಲ್ಲಿ 3,000 ಸೇರಿ ವೇತನ 11,000. ನೇಮಕ ಪತ್ರವೂ ಎಲ್ಲರಿಗೂ ಕಡ್ಡಾಯ; ಆ ಆರು ಮಂದಿಯ ಹತ್ತಿರ ಇದ್ದದ್ದು ಬರೀ ವಾಟ್ಸ್ಆ್ಯಪ್ ಮೆಸೇಜು.

ಪುಣೆಯವರ ಪಗಾರ 32,000. ಅವರಿಂದ ತಿಂಗಳಿಗೆ 200 ವೃತ್ತಿ ತೆರಿಗೆ ಹಿಡಿದು ಕರ್ನಾಟಕಕ್ಕೆ ಕಟ್ಟಿದ್ದರು. ಕೆಲಸ ಯಾವ ರಾಜ್ಯದಲ್ಲಿ ನಡೆಯುತ್ತದೋ ತೆರಿಗೆ ಅಲ್ಲಿಗೆ. ಮಹಾರಾಷ್ಟ್ರದಲ್ಲೂ ತಿಂಗಳಿಗೆ 200, ಫೆಬ್ರುವರಿಗೆ 300. ಅಂಕಿ ಒಂದೇ ಆದರೂ ಖಜಾನೆ ಬೇರೆ, ನೋಂದಣಿಯೂ ಅಲ್ಲೇ ಬೇರೆ ಆಗಬೇಕು.

ಉಳಿದ ಐವರ ಪಗಾರ 21,000ದೊಳಗೆ, ಇಎಸ್‌ಐಗೆ ಸೇರಲೇಬೇಕು: ಅವರಿಂದ 0.75 ಪರ್ಸೆಂಟ್, ಮಾಲೀಕರಿಂದ 3.25. ನೋಂದಣಿಯಲ್ಲಿ ಡಿಸ್ಪೆನ್ಸರಿ ಆರಿಸುವಾಗ ಎಲ್ಲರಿಗೂ ಆಫೀಸಿನ ಊರೆಂದು ಹುಬ್ಬಳ್ಳಿಯನ್ನೇ ಒತ್ತುವುದು ಸುಲಭ. ಬ್ಯಾಡಗಿಯವರು ಜ್ವರ ಬಂದಾಗ ಬಸ್ಸು ಹತ್ತಬೇಕಾಗುತ್ತದೆ. ಅವರವರ ಊರಿಗೆ ಹತ್ತಿರದ್ದನ್ನು ಆರಿಸಬೇಕು.

ಯುಎಎನ್, ಅಂದರೆ ಪ್ರತಿ ನೌಕರರ ಪಿಎಫ್ ನಂಬರು, ಮಾತ್ರ ಆಫೀಸಿನಿಂದ ಆಗುವ ಕೆಲಸವಲ್ಲ. 2025ರ ಆಗಸ್ಟ್‌ನಿಂದ ಹೊಸ ನಂಬರಿಗೆ ನೌಕರರೇ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಲಕ್ಷ್ಮೇಶ್ವರದವರು ಫೋನಿನಲ್ಲಿದ್ದರು. ಮೂರು ಸಲ ಫೇಲಾಯಿತು. "ಪಡಸಾಲ್ಯಾಗ ಬೆಳಕ ಸಾಲವಲ್ದು, ಹೊರಗ ಕಟ್ಟಿ ಮ್ಯಾಲ ಬಂದೀನ್ರೀ" ಎಂದರು. ಕನ್ನಡಕ ತೆಗೆಯಲು ಹೇಳಿದೆವು. ನಾಲ್ಕನೇ ಸಲಕ್ಕೆ ಹಸಿರು ವರ್ತುಲ ತುಂಬಿ ಹನ್ನೆರಡು ಅಂಕಿಯ ನಂಬರು ಬಂತು. ಆಫೀಸಿನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗಂಡನ ಹೆಸರಿತ್ತು, ಆಧಾರ್‌ನಲ್ಲಿ ತಂದೆಯದು. ಪಟ್ಟಿಯನ್ನೇ ಆಧಾರ್‌ಗೆ ಸರಿಯಾಗಿ ತಿದ್ದಿದೆವು. ಇಲ್ಲದಿದ್ದರೆ ಮುಂದೆ ದುಡ್ಡು ತೆಗೆಯುವಾಗ ಅರ್ಜಿ ತಿರಸ್ಕಾರವಾಗುತ್ತದೆ.

ಫೋನ್ ಇಡುವ ಮುಂಚೆ ಅವರೇ ಕೇಳಿದರು: "ಹ್ವಾದ ತಿಂಗಳ ಕರೆಂಟ್ ಹೋದ ದಿನಾ ಅರ್ಧಾ ಪಗಾರ ಕಟ್ ಮಾಡ್ಯಾರಲ್ರೀ, ಅದು?" ಹಾಜರಿ ಆ್ಯಪ್‌ನಲ್ಲಿ ಅಂದು ಮಧ್ಯಾಹ್ನ 2ರಿಂದ ಆಫ್‌ಲೈನ್ ಎಂದಿತ್ತು. ಅದೇ ದಿನ ರಾತ್ರಿ 7ರಿಂದ 11ರವರೆಗೆ ಅವರು ಮಾಡಿದ ಎಂಟ್ರಿಗಳು ಸಾಫ್ಟ್‌ವೇರಿನಲ್ಲಿ ವೇಳೆ ಸಮೇತ ಇದ್ದವು. ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದರೆ ದುಪ್ಪಟ್ಟು ಕೂಲಿ ಎನ್ನುವ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೂ ಇಂಥ ದಾಖಲೆಯೇ ಆಧಾರವಾಗುತ್ತದೆ. ಮಾಲೀಕರು ಪರದೆ ನೋಡಿದರು, ಕ್ಯಾಲ್ಕುಲೇಟರ್ ಎಳೆದುಕೊಂಡರು. "ಈ ಪಗಾರದಾಗ ಕೂಡಿಸಿ ಹಾಕ್ರಿ" ಅಂದರು.